ಬಯಲುಸೀಮೆ ಹಿತ್ತಲಲ್ಲಿ ಬಟರ್ ಫ್ರೂಟ್ ಗಿಡ ಉಳಿಸಿಕೊಳ್ಳುವುದು ಹೇಗೆ

ಬಟರ್ ಫ್ರೂಟ್ ಕೊಡಗಿನ ತಂಪಿಗೆ ಸರಿ, ಚಿತ್ರದುರ್ಗದ ಬಿಸಿಲಿಗೆ ಎಲ್ಲಿ ಬರುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಬರುತ್ತದೆ. ಮೊದಲ ಎರಡು ಬೇಸಿಗೆ ದಾಟಿಸಬೇಕು.

ನನ್ನ ಮೊದಲ ಗಿಡ ಸತ್ತಿದ್ದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಎಲೆಯ ತುದಿ ಸುಟ್ಟ ಹಾಗೆ ಕಂದಾಯಿತು, ಪಾಪ ಬಾಯಾರಿದೆ ಅಂದುಕೊಂಡು ದಿನಾ ಎರಡು ಕೊಡ ಸುರಿದೆ, ಒಂದೂವರೆ ತಿಂಗಳಿಗೆ ಎಲೆಯೆಲ್ಲ ಜೋತುಬಿತ್ತು. ಕಿತ್ತು ನೋಡಿದರೆ ಬೇರು ಕಪ್ಪಗಾಗಿತ್ತು, ಬೆರಳಲ್ಲಿ ಒತ್ತಿದರೆ ಮುರಿಯುತ್ತಿತ್ತು. ಒಳ್ಳೆ ಬೇರು ಕೆನೆ ಬಣ್ಣ ಇರುತ್ತದೆ. ಇದು ಬೇರುಕೊಳೆ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರದ ಜಾತಿಯದೇ ರೋಗಾಣು, ನೀರು ನಿಂತ ಮಣ್ಣು ಸಿಕ್ಕರೆ ಸಾಕು ಅದಕ್ಕೆ.

ಹಾಗಾಗಿ ಗುಂಡಿಯಲ್ಲಿ ನೆಡಬೇಡಿ, ದಿಬ್ಬದ ಮೇಲೆ ನೆಡಿ. ಎರಡು ಅಡಿ ಎತ್ತರ, ನಾಲ್ಕೈದು ಅಡಿ ಅಗಲ, ಕೆಂಪುಮಣ್ಣಿಗೆ ಎರಡು ಬುಟ್ಟಿ ಹಳೆ ಕೊಟ್ಟಿಗೆ ಗೊಬ್ಬರ. ಎರೆಮಣ್ಣಿನ ಜಾಗವಾದರೆ ದಿಬ್ಬ ಇನ್ನೂ ಎತ್ತರ ಇರಲಿ. ಕಸಿ ಗಿಡವನ್ನೇ ತನ್ನಿ, ಕಸಿಯ ಗಂಟು ಮಣ್ಣಿನ ಮೇಲಿರಬೇಕು. ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನೆಟ್ಟರೆ ಬೇಸಿಗೆ ಹೊತ್ತಿಗೆ ಬೇರು ಹಿಡಿದಿರುತ್ತದೆ.

ಎಲೆ ತುದಿ ಸುಡುವುದಕ್ಕೆ ನಮ್ಮ ಬೋರ್‌ವೆಲ್ ನೀರಿನ ಉಪ್ಪೂ ಕಾರಣ. ದಿನಾ ಸ್ವಲ್ಪ ಸ್ವಲ್ಪ ಹಾಕಿದರೆ ಆ ಉಪ್ಪು ಬೇರಿನ ಹತ್ತಿರವೇ ಕೂರುತ್ತದೆ. ಬೆರಳು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಕೆಳಗಿನ ತನಕ ನೆನೆಯುವ ಹಾಗೆ ಹಾಕಿ. ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಕೊಡಿ.

ಬುಡಕ್ಕೆ ನಾಲ್ಕು ಇಂಚು ಹೊದಿಕೆ ಬೇಕು. ಚಳ್ಳಕೆರೆ ಕಡೆಯವರಿಗೆ ಶೇಂಗಾ ಸಿಪ್ಪೆ ಇದೆ, ದಾವಣಗೆರೆ ಕಡೆ ಮೆಕ್ಕೆಜೋಳದ ದಂಟು ಆಗುತ್ತದೆ. ಕಾಂಡದಿಂದ ಒಂದು ಗೇಣು ಬಿಡಿ. ಇದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ, ಬುಡದಲ್ಲಿ ಸುಮ್ನೆ ಗುದ್ದಲಿ ಆಡಿಸಬೇಡಿ.

ಎಳೆ ತೊಗಟೆ ಬಿಸಿಲಿಗೆ ಸೀಳುತ್ತದೆ. ಕಾಂಡಕ್ಕೆ ತೆಳ್ಳಗೆ ಸುಣ್ಣ ಬಳಿಯಿರಿ, ಪಡುವಣ ದಿಕ್ಕಿಗೆ ತೆಂಗಿನ ಗರಿ ಕಟ್ಟಿ, ಅಲ್ಲೇ ಒಂದು ನುಗ್ಗೆ ಕೊಂಬೆ ನೆಟ್ಟರೆ ಮುಂದಿನ ವರ್ಷಕ್ಕೆ ನೆರಳಾಗುತ್ತದೆ. ಆಷಾಢದ ಗಾಳಿ ಗೊತ್ತಲ್ವಾ, ಗುಡ್ಡದ ಮೇಲೆ ಕರೆಂಟ್ ತೆಗೆಯೋ ದೊಡ್ಡ ಫ್ಯಾನ್‌ಗಳನ್ನೇ ತಿರುಗಿಸುವ ಗಾಳಿ! ಗಟ್ಟಿ ಗೂಟ ಬೇಕೇ ಬೇಕು, ಹಳೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ.

ಜಾಗ ಇದ್ದರೆ ಎರಡು ಗಿಡ ಹಾಕಿ. ಇದರ ಹೂವು ಎರಡು ಸಲ ಅರಳುತ್ತದೆ, ಮೊದಲು ಹೆಣ್ಣಾಗಿ, ಮುಚ್ಚಿಕೊಂಡು ಆಮೇಲೆ ಗಂಡಾಗಿ. ತಳಿಗಳಲ್ಲಿ ಎ, ಬಿ ಅಂತ ಎರಡು ಗುಂಪಿವೆ. ಎ ಗುಂಪಿನದು ಬೆಳಗ್ಗೆ ಹೆಣ್ಣಾದರೆ ಬಿ ಗುಂಪಿನದು ಮಧ್ಯಾಹ್ನ, ಹಾಗಾಗಿ ಒಂದು ಹೆಣ್ಣಾಗಿರುವಾಗ ಇನ್ನೊಂದು ಗಂಡಾಗಿರುತ್ತದೆ. ನರ್ಸರಿಯಲ್ಲಿ ಕೇಳಿ ಎರಡರಲ್ಲೂ ಒಂದೊಂದು ತನ್ನಿ, ಕಾಯಿ ಚೆನ್ನಾಗಿ ಕಚ್ಚುತ್ತದೆ.

ಕಾಯಿ ಮರದಲ್ಲಿ ಹಣ್ಣಾಗುವುದಿಲ್ಲ. ಒಂದನ್ನು ಕಿತ್ತು ಅಕ್ಕಿ ಡಬ್ಬದಲ್ಲಿಡಿ. ವಾರ, ಹತ್ತು ದಿನದಲ್ಲಿ ಮೆತ್ತಗಾದರೆ ಉಳಿದವನ್ನೂ ಕೀಳಬಹುದು, ಸುಕ್ಕುಗಟ್ಟಿದರೆ ಇನ್ನೂ 15 ದಿನ ಬಿಟ್ಟು ಮತ್ತೊಂದು ಕಿತ್ತು ನೋಡಿ.