ಎರವಲು ತಂದ ಪ್ರೆಸ್ ಕಿಟ್, ಎರಡು ಬಾರಿ ಹಾಕಿದ ಬೇರಿಂಗ್

ಓಹಾಯೋದ ಕೊಲಂಬಸ್ ನಗರದ ಹೊರವಲಯದಲ್ಲಿರುವ ನಾನು ಇಂದಿಗೂ ಓಡಿಸುತ್ತಿರುವುದು 2006ರ ಟೊಯೋಟಾ ಕೊರೊಲ್ಲಾ. ಒಂದು ಚಳಿಗಾಲ ಕಳೆಯುವ ಹೊತ್ತಿಗೆ, ಗಂಟೆಗೆ 40 ಮೈಲಿ ದಾಟಿದೊಡನೆ ಅದರ ಮುಂಭಾಗದಿಂದ ದೂರದ ಹಿಟ್ಟಿನ ಗಿರಣಿಯದರಂಥ ಸದ್ದು ಏಳತೊಡಗಿತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದಾಗ ಸದ್ದು ಏರುತ್ತಿತ್ತು, ಬಲಕ್ಕೆ ತಿರುಗಿಸಿದಾಗ ಇಳಿಯುತ್ತಿತ್ತು. ಎಡಕ್ಕೆ ತಿರುಗುವಾಗ ಕಾರಿನ ಭಾರ ಬಲ ಚಕ್ರದ ಮೇಲೆ ಬೀಳುವುದರಿಂದ ಬಲಗಡೆಯ ಬೇರಿಂಗ್ ಸವೆದಿದೆ ಎಂದು ಊಹಿಸಿದೆ. ಕಾರನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲೆ ಇಟ್ಟಾಗ ಮರಳು ಅರೆದಂಥ ಕಂಪನ ಬೆರಳಿಗೆ ತಾಗಿ, ಊಹೆ ಖಚಿತವಾಯಿತು.

ಗ್ಯಾರೇಜಿನವರು ಈ ಕೆಲಸಕ್ಕೆ 420 ಡಾಲರ್ ಕೇಳಿದರು. ಬೇರಿಂಗಿನ ಬೆಲೆ ಅದರ ಆರನೆಯ ಒಂದು ಭಾಗವೂ ಇರಲಿಲ್ಲ. ಆದರೆ ಈ ಮಾದರಿಯ ಮುಂದಿನ ಬೇರಿಂಗ್, ಚಕ್ರವನ್ನು ಹೊರುವ ಹಬ್ ಸಮೇತ ನಾಲ್ಕು ಬೋಲ್ಟ್ ಬಿಚ್ಚಿ ಬದಲಿಸುವಂಥದ್ದಲ್ಲ. ನಕಲ್ ಎಂಬ ಎರಕದ ಭಾಗದೊಳಗೆ ಬಿಗಿಯಾಗಿ ಒತ್ತಿ ಕೂರಿಸಿರುವಂಥದ್ದು. ನಮ್ಮ ಕಡೆಯಾಗಿದ್ದರೆ ಮೆಕ್ಯಾನಿಕ್ ನಕಲನ್ನು ಬಿಚ್ಚಿ, ಪಕ್ಕದ ಲೇತ್ ಅಂಗಡಿಗೆ ಹುಡುಗನ ಕೈಯಲ್ಲಿ ಕಳುಹಿಸಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಪ್ರೆಸ್ ಮಾಡಿಸಿ ತರಿಸುತ್ತಿದ್ದ. ಇಲ್ಲಿ ನನ್ನ ನೆರವಿಗೆ ಬಂದದ್ದು ಬಿಡಿಭಾಗದ ಅಂಗಡಿಗಳು ಸಾಧನಗಳನ್ನು ಎರವಲು ಕೊಡುವ ಪದ್ಧತಿ.

ಅಮೆರಿಕದಲ್ಲಿ ಆಟೋಜೋನ್, ಓರೈಲಿ, ಅಡ್ವಾನ್ಸ್ ಆಟೋ ಪಾರ್ಟ್ಸ್ ಮುಂತಾದ ಸರಣಿ ಅಂಗಡಿಗಳು ಮನೆಯಲ್ಲಿ ಯಾರೂ ಇಟ್ಟುಕೊಳ್ಳದ ವಿಶೇಷ ಸಾಧನಗಳನ್ನು, ಅಂದರೆ ಬಾಲ್ ಜಾಯಿಂಟ್ ಪ್ರೆಸ್, ಪುಲ್ಲರ್, ಕೂಲಂಟ್ ಸೋರಿಕೆ ಪರೀಕ್ಷಿಸುವ ಪಂಪ್ ಮೊದಲಾದವನ್ನು, ಠೇವಣಿಯ ಮೇಲೆ ಕೊಡುತ್ತವೆ. ಬಾಡಿಗೆ ಇಲ್ಲ. ಸಾಧನದ ಪೂರ್ತಿ ಬೆಲೆಯನ್ನು ಕಾರ್ಡಿನಿಂದ ಹಿಡಿದುಕೊಂಡು, ಹಿಂದಿರುಗಿಸಿದಾಗ ಅಷ್ಟನ್ನೂ ಮರಳಿಸುತ್ತಾರೆ. ಹಿಂದಿರುಗಿಸದಿದ್ದರೆ ಸಾಧನ ನಮ್ಮದಾಯಿತು, ದುಡ್ಡು ಅವರದಾಯಿತು. ಗಡುವು ಒಂದೊಂದು ಸರಣಿಯಲ್ಲಿ ಒಂದೊಂದು ಬಗೆ. ಆಟೋಜೋನ್‌ನಲ್ಲಿ 90 ದಿನ. ಅಂಗಡಿಯವರಿಗೆ ಇದರಲ್ಲಿ ನಷ್ಟವೇನೂ ಇಲ್ಲ, ಏಕೆಂದರೆ ಪ್ರೆಸ್ ಒಯ್ಯುವವನು ಬೇರಿಂಗನ್ನೂ ಅಲ್ಲಿಯೇ ಕೊಳ್ಳುತ್ತಾನೆ. ನಾನೂ ಹಾಗೆಯೇ ಮಾಡಿದೆ. ಸ್ಕ್ರೂ ತಿರುಗಿಸಿ ನಾನಾ ಅಳತೆಯ ಉಕ್ಕಿನ ಬಟ್ಟಲುಗಳಿಂದ ಬೇರಿಂಗನ್ನು ಒತ್ತುವ ಪ್ರೆಸ್ ಕಿಟ್, ಹಬ್ ಎಳೆಯುವ ಸ್ಲೈಡ್ ಹ್ಯಾಮರ್, ಬೇರಿಂಗ್ ಜಾರದಂತೆ ತಡೆಯುವ ಉಂಗುರವಾದ ಸರ್ಕ್ಲಿಪ್ ತೆಗೆಯುವ ಪ್ಲೈಯರ್, 30 ಮಿಲಿಮೀಟರ್ ಸಾಕೆಟ್ ಎಲ್ಲಕ್ಕೂ ಸೇರಿ 300 ಡಾಲರಿಗೂ ಮಿಕ್ಕ ಠೇವಣಿ ಇಟ್ಟು ಶನಿವಾರ ಸಂಜೆ ಮನೆಗೆ ತಂದೆ.

ಪೆಟ್ಟಿಗೆಯನ್ನು ಗಲ್ಲೆಯ ಮುಂದೆಯೇ ತೆರೆದು ನೋಡದೆ ತಂದದ್ದು ನನ್ನ ಮೊದಲ ತಪ್ಪು. ಭಾನುವಾರ ಮಧ್ಯಾಹ್ನ ಆಕ್ಸಲ್ ನಟ್ ಬಿಚ್ಚಿ, ಬ್ರೇಕಿನ ಕ್ಯಾಲಿಪರನ್ನು ತಂತಿಯಿಂದ ಮೇಲಕ್ಕೆ ಕಟ್ಟಿ, ಡಿಸ್ಕ್ ತೆಗೆದು, ಬಾಲ್ ಜಾಯಿಂಟನ್ನು ಕೆಳಗಿನ ತೋಳಿನಿಂದ ಬಿಡಿಸಿ, ಉಪ್ಪು ಚೆಲ್ಲಿದ ರಸ್ತೆಗಳ ಹತ್ತು ಹದಿನೈದು ವರ್ಷಗಳ ತುಕ್ಕಿನೊಂದಿಗೆ ಸುಮಾರು ಒಂದೂವರೆ ಗಂಟೆ ಗುದ್ದಾಡಿ ಹಬ್ಬನ್ನು ಹೊರಗೆಳೆದ ಮೇಲೆ ಕಿಟ್ ತೆರೆದರೆ, ನನಗೆ ಬೇಕಾದ ಅಳತೆಯ ಬಟ್ಟಲಿನ ಗುಳಿ ಖಾಲಿಯಾಗಿತ್ತು. ಒತ್ತುವ ಸ್ಕ್ರೂವಿನ ಮರೆಗಳೂ (ಸುರುಳಿ ಗೆರೆಗಳೂ) ಅರ್ಧದವರೆಗೆ ಸವೆದಿದ್ದವು. ಅಂಗಡಿ ನಾಲ್ಕು ಮೈಲಿ ದೂರದಲ್ಲಿತ್ತು, ಅಲ್ಲಿಗೆ ಹೋಗಬೇಕಾದ ಕಾರು ಮೂರು ಚಕ್ರದ ಮೇಲೆ ನಿಂತಿತ್ತು, ನಮ್ಮ ಬಡಾವಣೆಗೆ ಬಸ್ಸೂ ಇಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಹೋಗಿ ಕಿಟ್ ಬದಲಿಸಿಕೊಂಡು ಬರುವ ಹೊತ್ತಿಗೆ ಕತ್ತಲಾಗಿತ್ತು. ಬಟ್ಟಲು ಕಳೆದದ್ದು ನನ್ನಿಂದಲ್ಲ ಎಂದು ಅಲ್ಲಿನವರನ್ನು ಒಪ್ಪಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಂದಿನಿಂದ ಬಟ್ಟಲುಗಳನ್ನು ಗಲ್ಲೆಯ ಮೇಲೆಯೇ ಎಣಿಸಿ, ಸ್ಕ್ರೂವಿಗೆ ನಟ್ಟನ್ನು ಬೆರಳಿನಿಂದಲೇ ತುದಿಯಿಂದ ತುದಿಗೆ ಓಡಿಸಿ ನೋಡಿ, ಕೊರತೆಯಿದ್ದರೆ ರಸೀದಿಯ ಮೇಲೆ ಬರೆಸಿಕೊಳ್ಳದೆ ಅಂಗಡಿಯಿಂದ ಕಾಲು ತೆಗೆಯುವುದಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದುಬಾರಿಯಾಯಿತು. ಸೋಮವಾರ ಸಂಜೆ ಸರ್ಕ್ಲಿಪ್ ತೆಗೆದು, ಹಳೆಯ ಬೇರಿಂಗನ್ನು ಒತ್ತಿ ಹೊರಹಾಕಿದೆ. ಹಬ್ಬಿಗೆ ಅಂಟಿಕೊಂಡೇ ಬಂದಿದ್ದ ಒಳಬಳೆಗೆ ಗ್ರೈಂಡರಿನಿಂದ ಗೀರು ಹಾಕಿ ಚಾಣದಿಂದ ಹೊಡೆದು ಸೀಳಿದೆ. ಹೊಸ ಬೇರಿಂಗ್ ಹಿಂದಿನ ರಾತ್ರಿಯಿಂದಲೂ ಫ್ರೀಜರಿನಲ್ಲಿ ತೆಂಗಿನತುರಿಯ ಪೊಟ್ಟಣಗಳ ನಡುವೆ ತಣ್ಣಗೆ ಕುಳಿತಿತ್ತು. ಚಳಿಗೆ ಉಕ್ಕು ಕೂದಲೆಳೆಯಷ್ಟು ಕುಗ್ಗುವುದರಿಂದ ಅದು ನಕಲಿನೊಳಗೆ ಹೆಚ್ಚು ತಕರಾರಿಲ್ಲದೆ ಇಳಿಯಿತು. ಅದನ್ನು ಒತ್ತುವಾಗ ಬಟ್ಟಲು ಹೊರಬಳೆಯ ಮೇಲೆ ಮಾತ್ರ ಕೂರಬೇಕು ಎಂಬುದು ನನಗೆ ಗೊತ್ತಿತ್ತು, ಹಾಗೆಯೇ ಮಾಡಿದೆ. ಆದರೆ ಅನಂತರ ಹಬ್ಬನ್ನು ಬೇರಿಂಗಿನೊಳಗೆ ಎಳೆಯುವಾಗ ಆಧಾರ ಒಳಬಳೆಗೆ ಇರಬೇಕು ಎಂಬುದನ್ನು ಅವಸರದಲ್ಲಿ ಮರೆತು, ಹಿಂಬದಿಯಲ್ಲಿ ದೊಡ್ಡ ಬಟ್ಟಲನ್ನೇ ಇಟ್ಟು ನಕಲಿನ ಮೇಲೆ ಆನಿಸಿ ನಿಲ್ಲಿಸಿದೆ. ಹಾಗೆ ಮಾಡಿದಾಗ ಸ್ಕ್ರೂವಿನ ಟನ್‌ಗಟ್ಟಲೆ ಒತ್ತಡ ಒಳಬಳೆಯಿಂದ ಹೊರಬಳೆಗೆ ಗುಂಡುಗಳ ಮೂಲಕವೇ ಹಾದುಹೋಗುತ್ತದೆ. ಪ್ರತಿಯೊಂದು ಗುಂಡೂ ತಾನು ಕುಳಿತ ಹಾದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಒತ್ತುತ್ತದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಏನೂ ತಿಳಿಯಲಿಲ್ಲ. ಮೂರು ವಾರದ ನಂತರ ಹೆದ್ದಾರಿಯಲ್ಲಿ ಅದೇ ಗಿರಣಿ ಮತ್ತೆ ಶುರುವಾಯಿತು.

ಆಗ ಉಪಕಾರಕ್ಕೆ ಬಂದದ್ದು ಎರವಲಿನ ದೀರ್ಘ ಗಡುವು. ಕಿಟ್ಟನ್ನು ನಾನಿನ್ನೂ ಹಿಂದಿರುಗಿಸಿರಲಿಲ್ಲ. ಠೇವಣಿಯ ಹಣ ಸಿಕ್ಕಿಹಾಕಿಕೊಂಡಿರುವುದು ಕಿರಿಕಿರಿಯೇ ಆದರೂ, ರಿಪೇರಿಯಾದ ಕಾರನ್ನು ಕೆಲವು ನೂರು ಮೈಲಿ ಓಡಿಸಿ ನೋಡುವವರೆಗೆ ಸಾಧನಗಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಈಗ ನನ್ನ ರೂಢಿಯಾಗಿದೆ. ಇನ್ನೊಂದು ಬೇರಿಂಗ್ ಹಾಕಲು ಎರಡನೆಯ ಬಾರಿ ಕಾರನ್ನು ಮುಟ್ಟುವ ಮೊದಲು ಕಿಟ್ಟಿನ ಭಾಗಗಳನ್ನು ಗ್ಯಾರೇಜಿನ ನೆಲದ ಮೇಲೆ ಹರಡಿ, ಮೊದಲ ಸಲ ಹೊರತೆಗೆದಿದ್ದ ಹಳೆಯ ಬೇರಿಂಗಿನ ಹೊರಬಳೆಯನ್ನು ವರ್ನಿಯರ್‌ನಿಂದ ಅಳೆದೆ. ಒತ್ತುವ ಬಟ್ಟಲು ಆ ಅಳತೆಗಿಂತ ಕೂದಲೆಳೆ ಕಿರಿದು, ಇನ್ನೊಂದು ಬದಿಯಲ್ಲಿ ಹಳೆಯದನ್ನು ಬರಮಾಡಿಕೊಳ್ಳುವ ಬಟ್ಟಲು ಅದಕ್ಕಿಂತ ಹಿರಿದು, ಹಬ್ ಎಳೆಯುವಾಗ ಹಿಂಬದಿಯ ಬಟ್ಟಲು ಒಳಬಳೆಯಷ್ಟೇ ಅಗಲ: ಈ ಮೂರನ್ನೂ ಆರಿಸಿ, ಒಂದೊಂದಕ್ಕೂ ಚಾಕ್‌ಪೀಸಿನಿಂದ ಕೆಲಸದ ಅನುಕ್ರಮದ ಸಂಖ್ಯೆ ಬರೆದೆ. ಸ್ಕ್ರೂವಿಗೆ ಗ್ರೀಸ್ ಸವರಿದೆ. ಹಿಂದೆ ಒಯ್ದವರು ಯಾರೂ ಸವರಿದಂತೆ ಕಾಣಲಿಲ್ಲ, ಬಹುಶಃ ಮರೆಗಳು ಸವೆಯುವುದಕ್ಕೆ ಅದೂ ಒಂದು ಕಾರಣ. ಇಂಪ್ಯಾಕ್ಟ್ ಗನ್ ಹಚ್ಚದೆ ಉದ್ದ ಹಿಡಿಯ ರ‍್ಯಾಚೆಟ್‌ನಿಂದ ನಿಧಾನವಾಗಿ ತಿರುಗಿಸಿದೆ. ಕೈಯಲ್ಲಿ ತಿರುಗಿಸುವಾಗ ಬೇರಿಂಗ್ ಓರೆಯಾದರೆ ಬಿಗಿತ ಒಮ್ಮೆಲೇ ಏರಿ ತಿಳಿಯುತ್ತದೆ. ಒಂದು ಬಾರಿ ಹಾಗಾದಾಗ ಬಿಚ್ಚಿ ನೇರ ಮಾಡಿ ಮತ್ತೆ ಒತ್ತಿದೆ.

ಕೊನೆಗೆ ಹೊಸ ಆಕ್ಸಲ್ ನಟ್ ಹಾಕಿ, 216 ನ್ಯೂಟನ್ ಮೀಟರಿಗೆ ಬಿಗಿದು, ಅದರ ಅಂಚನ್ನು ಆಕ್ಸಲಿನ ತೋಡಿನೊಳಕ್ಕೆ ಚಾಣದಿಂದ ಬಡಿದು ಮಡಿಸಿದೆ. ಬಿಗಿತವನ್ನು ಅಳೆಯುವ ಟಾರ್ಕ್ ವ್ರೆಂಚ್ ಮಾತ್ರ ನನ್ನದೇ. ಅಂಗಡಿಗಳು ಅದನ್ನೂ ಎರವಲು ಕೊಡುತ್ತವೆ, ಆದರೆ ನನಗಿಂತ ಮೊದಲು ಒಯ್ದವರು ಅದನ್ನು ನೆಲಕ್ಕೆ ಬೀಳಿಸಿದ್ದರೋ, ಬಿಗಿದಿದ್ದ ನಟ್ ಬಿಚ್ಚುವುದಕ್ಕೂ ಅದನ್ನೇ ಬಳಸಿದ್ದರೋ ಹೇಳುವವರಿಲ್ಲ. ಅಳತೆ ತಪ್ಪಿದ ವ್ರೆಂಚ್ ಹೊರನೋಟಕ್ಕೆ ಸರಿಯಾದದ್ದರಂತೆಯೇ ಇರುತ್ತದೆ. ಕಾಯಿಲ್ ಸ್ಪ್ರಿಂಗ್ ಕಂಪ್ರೆಸರನ್ನೂ ನಾನು ಎರವಲು ತರುವುದಿಲ್ಲ. ಅದುಮಿ ಹಿಡಿದ ಸ್ಪ್ರಿಂಗ್ ಸವೆದ ಕೊಕ್ಕೆಯಿಂದ ಜಾರಿದರೆ ಮುಖಕ್ಕೇ ಬರುತ್ತದೆ. ಶಾಕ್ ಅಬ್ಸಾರ್ಬರ್ ಬದಲಿಸಬೇಕಾದಾಗ ಸ್ಪ್ರಿಂಗ್ ಸಮೇತ ಜೋಡಿಸಿಯೇ ಬರುವ ಸ್ಟ್ರಟ್ಟನ್ನು ಹೆಚ್ಚು ದುಡ್ಡು ಕೊಟ್ಟು ಕೊಂಡೆ.

ಆರು ನೂರು ಮೈಲಿ ಓಡಿಸಿ, ಸದ್ದಿಲ್ಲವೆಂದು ಖಚಿತವಾದ ಮೇಲೆ ಬಟ್ಟಲುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗುಳಿಗಳಲ್ಲಿ ಕೂರಿಸಿ, ಮುಚ್ಚಳ ತೆರೆದ ಪೆಟ್ಟಿಗೆಯ ಫೋಟೊ ತೆಗೆದುಕೊಂಡು, ಠೇವಣಿ ಇಟ್ಟ ಕಾರ್ಡನ್ನೂ ರಸೀದಿಯನ್ನೂ ಹಿಡಿದು ಅಂಗಡಿಗೆ ಹೋದೆ. ಎಣಿಸಿ ನೋಡಿದರು, ಹಣ ಅದೇ ಕಾರ್ಡಿಗೆ ಮರಳಿತು. 30 ಮಿಲಿಮೀಟರ್ ಸಾಕೆಟ್ಟನ್ನು ಮಾತ್ರ ಹಿಂದಿರುಗಿಸಲಿಲ್ಲ. ಎಡಗಡೆಯ ಬೇರಿಂಗಿಗೂ ಬಲಗಡೆಯದರಷ್ಟೇ ವಯಸ್ಸಾಗಿದೆ.