ಮೊಗೆಕಾಯಿ ಹುಳಿ ಮಾಡೋದು ಹೀಗೆ

ನಮ್ಮ ಸಾಗರ, ತೀರ್ಥಹಳ್ಳಿ ಕಡೆ ಇದಕ್ಕೆ ಸಾಂಬಾರ್ ಅನ್ನಲ್ಲ, ಹುಳಿ ಅಂತಾನೇ ಹೇಳೋದು. ಅರ್ಧ ಕಪ್ ತೊಗರಿಬೇಳೆಗೆ ಅರಿಶಿನ, ಸ್ವಲ್ಪ ಎಣ್ಣೆ ಹಾಕಿ ಕುಕ್ಕರಲ್ಲಿ 4 ವಿಷಲ್ ಕೂಗಿಸಿ. ಮೊಗೆಕಾಯಿ, ಅಂದ್ರೆ ಸಾಂಬಾರ್ ಸೌತೆ, ಹೆಚ್ಚೋವಾಗ ಒಂದು ಚೂರು ತಿಂದು ನೋಡಿ, ಕಹಿ ಇದ್ರೆ ಬೇಡವೇ ಬೇಡ.

ಮಸಾಲೆಗೆ 2 ಚಮಚ ಕೊತ್ತಂಬರಿ ಬೀಜ, 1 ಚಮಚ ಉದ್ದಿನಬೇಳೆ, 5 ಬ್ಯಾಡಗಿ ಮೆಣಸು, ಎಂಟ್ಹತ್ತು ಕಾಳು ಮೆಂತ್ಯ ಸಣ್ಣ ಉರೀಲಿ ಹುರೀರಿ, ಮೆಂತ್ಯ ಕಪ್ಪಾದ್ರೆ ಇಡೀ ಹುಳಿನೇ ಕಹಿಯಾಗತ್ತೆ, ಆಮೇಲೆ ಅರ್ಧ ಕಪ್ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಮೊಗೆಕಾಯಿ ಹೋಳು ಬೇರೆ ಬೇಯಿಸಿ, ಪೂರ್ತಿ ಬೆಂದ್ಮೇಲೇ ಹುಣಸೆರಸ ಹಾಕಿ, ಮೊದಲೇ ಹಾಕಿದ್ರೆ ಹೋಳು ಬೇಗ ಬೇಯಲ್ಲ. ಒಣಗಿಸಿದ ವಾಟೆಹುಳಿ, ಅಂದ್ರೆ ಮಲೆನಾಡಿನ ಒಂದು ಹುಳಿ ಕಾಯಿ, ಸಿಕ್ರಂತೂ ಹುಣಸೆ ಬದಲು ಅದೇ ಹಾಕಿ, ಆ ರುಚಿನೇ ಬೇರೆ! ಬೇಳೆ, ಮಸಾಲೆ, ಉಪ್ಪು, ಚೂರು ಬೆಲ್ಲ ಸೇರಿಸಿ ಚೆನ್ನಾಗಿ ಕುದಿಸಿ, ಕೊಬ್ಬರಿ ಎಣ್ಣೇಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ.