ಅಮ್ಮನ ಜೊತೆ ಮೊದಲ ಹಡಗು ಪ್ರಯಾಣ

ಅಮ್ಮನಿಗೆ 71. ಬಸವನಗುಡಿಯಲ್ಲೇ ಹುಟ್ಟಿ ಬೆಳೆದವರು. ಸಮುದ್ರ ಅಂದರೆ ಅವರಿಗೆ ಗೋಕರ್ಣದ ದಡದಲ್ಲಿ ನಿಂತು ಕಾಲು ನೆನೆಸಿದ್ದು, ಅಷ್ಟೇ. ಒಂದು ದಿನ ಅವರೆಕಾಯಿ ಸುಲಿಯುತ್ತಾ, "ದಡ ಕಾಣದೇ ಇರೋ ಕಡೆ ನೀರು ಹೇಗಿರತ್ತೆ ಅಂತ ಒಂದ್ಸಲ ನೋಡಬೇಕು ಕಣೇ" ಅಂದರು. ಅಮ್ಮ ಇಂಥದ್ದು ಬೇಕು ಅಂತ ಬಾಯಿಬಿಟ್ಟು ಕೇಳುವವರೇ ಅಲ್ಲ. ಅವತ್ತು ರಾತ್ರಿಯೇ ನಾನು ಹಡಗು ಹುಡುಕೋಕೆ ಕೂತೆ.

ಮೊದಲು ಸಿಂಗಪುರದ ಕಡೆ ನೋಡಿದೆ. ಪಾಸ್‌ಪೋರ್ಟು, ವೀಸಾ, ವಿಮಾನ ಎಲ್ಲ ಸೇರಿ ಮೊದಲ ಸಲಕ್ಕೆ ಜಾಸ್ತಿ ಆಯಿತು ಅನಿಸಿತು. ನಮ್ಮ ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಆಧಾರ್ ಕಾರ್ಡಿನ ಅಸಲು ಪ್ರತಿ ಇದ್ದರೆ ಸಾಕು, ಲಕ್ಷದ್ವೀಪಕ್ಕೆ ಮಾತ್ರ ಪರ್ಮಿಟ್ ಕೂಡ ಬೇಕು. ಮುಂಬೈಯಿಂದ ಲಕ್ಷದ್ವೀಪಕ್ಕೂ ಹಡಗು ಇತ್ತು, ಗೋವಾಕ್ಕೂ ಇತ್ತು. ಫೋಟೋ ನೋಡಿದರೆ ಯಾರಾದರೂ ಲಕ್ಷದ್ವೀಪವನ್ನೇ ಆರಿಸುತ್ತಾರೆ. ಆದರೆ ಅಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲೇ ಲಂಗರು ಹಾಕುತ್ತದೆ. ಸಣ್ಣ ದೋಣಿಗೆ ಇಳಿದು ಹೋಗಬೇಕು. ತೂಗಾಡುವ ದೋಣಿಯಿಂದ ಕಟ್ಟೆಗೆ ಕಾಲಿಡುವುದು ಮಂಡಿನೋವಿರುವ ಅಮ್ಮನಿಗೆ ಆಗದ ಮಾತು. ಗೋವಾದಲ್ಲಿ ಹಡಗು ಮುರಗಾಂವ್ ಬಂದರಿನ ಧಕ್ಕೆಗೇ, ಅಂದರೆ ದಡದ ಕಟ್ಟೆಗೇ ಬಂದು ನಿಲ್ಲುತ್ತದೆ, ಸೇತುವೆ ಥರ ಹಾಕಿದ ದಾರಿಯಲ್ಲಿ ನಡೆದು ಇಳಿಯಬಹುದು. ಹಿರಿಯರನ್ನು ಕರೆದುಕೊಂಡು ಹೋಗುವವರು ಊರಿನ ಚೆಂದ ನೋಡುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಹಡಗು ಧಕ್ಕೆಗೆ ಬರುತ್ತಾ, ದೋಣೀಲಿ ಇಳಿಸ್ತಾರಾ?

ತಿಂಗಳು ಜನವರಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಒರಟು. ಡಿಸೆಂಬರಿನಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ಶಾಂತವಾಗಿರುತ್ತದೆ.

ದುಡ್ಡಿನ ವಿಷಯದಲ್ಲಿ ಒಂದು ಪಾಠ ಆಯಿತು. ನಮ್ಮ ಏರಿಯಾದ ಟ್ರಾವೆಲ್ ಏಜೆಂಟ್ ಒಬ್ಬರು ಫೋನಿನಲ್ಲಿ ಒಂದು ರೇಟು ಹೇಳಿದರು. ಬಿಲ್ ಬಂದಾಗ ಬಂದರಿನ ಶುಲ್ಕ, ಸಿಬ್ಬಂದಿಯ ಟಿಪ್ಸ್, ಜಿಎಸ್‌ಟಿ ಅಂತ ಮೇಲೆ ಮೇಲೆ ಸೇರಿತ್ತು. ಅಮ್ಮ, ನಾನು, ನಮ್ಮನೆಯವರು, ಮೂರು ಜನಕ್ಕೆ ಸೇರಿ ಗಮನಕ್ಕೆ ಬರುವಷ್ಟು ವ್ಯತ್ಯಾಸ. ನನಗೆ ನಿಜವಾಗಿ ಬೇಜಾರಾಯಿತು, ಮೊದಲೇ ಹೇಳಬಹುದಿತ್ತಲ್ವಾ? "ಎಲ್ಲಾ ಸೇರಿ ಕೊನೇಗೆ ಎಷ್ಟು ಕಟ್ಟಬೇಕು?" ಅಂತ ಕೇಳಿ, ಅದನ್ನು ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್ ಕೊಡಿ.

ರೂಮು ಆರಿಸುವಾಗ ನಮ್ಮನೆಯವರು ಬಾಲ್ಕನಿ ಬೇಕು ಅಂದರು. ನಾನು ಕೆಳಗಿನ ಡೆಕ್ಕಿನಲ್ಲಿ (ಹಡಗಿನ ಅಂತಸ್ತಿಗೆ ಡೆಕ್ಕು ಅಂತಾರೆ), ಹಡಗಿನ ನಡುವೆ ಬರುವ ಕಿಟಕಿ ರೂಮು ತೆಗೆದುಕೊಂಡೆ. ಕಾರಣ ಸರಳ. ಬಸ್ಸಿನ ಕೊನೇ ಸೀಟಿನಲ್ಲಿ ಕೂತವರಿಗೆ ಎಷ್ಟು ಕುಲುಕುತ್ತದೆ, ಮಧ್ಯದ ಸೀಟಿನವರಿಗೆ ಎಷ್ಟು ಅಂತ ನಮಗೆಲ್ಲ ಗೊತ್ತು. ಹಡಗೂ ಹಾಗೇ. ಮುಂದಿನ ತುದಿ, ಹಿಂದಿನ ತುದಿ, ಮೇಲಿನ ಅಂತಸ್ತು ಜಾಸ್ತಿ ತೂಗುತ್ತವೆ. ಕೆಳಗೆ, ನಡುವೆ ಇದ್ದರೆ ಕಮ್ಮಿ. ಇನ್ನೊಂದು ವಿಷಯ ನನಗೆ ಮ್ಯಾಪ್ ನೋಡುವಾಗ ಹೊಳೆಯಿತು. ಮುಂಬೈಯಿಂದ ದಕ್ಷಿಣಕ್ಕೆ ಹೋಗುವಾಗ ನೆಲ ಎಡಕ್ಕೆ, ಸೂರ್ಯ ಮುಳುಗುವುದು ಬಲಕ್ಕೆ. ವಾಪಸ್ ಬರುವಾಗ ಅದೇ ಸೂರ್ಯ ಎಡಕ್ಕೆ. ಹೋಗುವ ದಿನ ಸಂಜೆ ಹೇಗೂ ಎಲ್ಲರೂ ಮೇಲಿನ ಡೆಕ್ಕಿನಲ್ಲೇ ಇರುತ್ತಾರೆ. ಬರುವ ದಿನ ಪೂರ್ತಿ ಸಮುದ್ರದ ಮೇಲೆ. ಅದಕ್ಕೆ ಎಡಗಡೆ ರೂಮು ಕೇಳಿ ಹಾಕಿಸಿಕೊಂಡೆ.

ಹಡಗಿನ ಉದ್ದ ಸುಮಾರು 210 ಮೀಟರ್. ಎಂಪ್ರೆಸ್ ಅಂತ ಹೆಸರು, 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಊಟದ ಹಾಲ್ ಒಂದು ಕಡೆ, ನಾಟಕದ ಹಾಲ್ ಇನ್ನೊಂದು ಕಡೆ ಅಂದರೆ ದಿನಕ್ಕೆ ಎಷ್ಟು ನಡೆಯಬೇಕು ಲೆಕ್ಕ ಹಾಕಿ. ಹೊರಡುವ ಮುಂಚೆ ಒಂದು ತಿಂಗಳು ಅಮ್ಮನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದೆ. ಮೊದಲ ವಾರ ಗಾಜಿನ ಮನೆ ಹತ್ತಿರ ಕೂತುಬಿಡುತ್ತಿದ್ದರು. ನಾಲ್ಕನೇ ವಾರ ಕೆರೆ ಏರಿಯವರೆಗೆ ಹೋಗಿ ಬಂದರು.

ಬ್ಯಾಗು ಕಟ್ಟುವಾಗ ಮರೆಯಬಾರದ್ದು ಸೇಫ್ಟಿ ಪಿನ್ನು. ನಗಬೇಡಿ. ಮೇಲಿನ ಡೆಕ್ಕಿನಲ್ಲಿ ಗಾಳಿ ಎಷ್ಟಿರುತ್ತದೆ ಅಂದರೆ ಸೀರೆ ಉಟ್ಟವರು ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಸೆರಗು ಹಿಡಿದರೆ ಕಂಬಿ ಹಿಡಿಯೋಕೆ ಕೈಯೇ ಉಳಿಯಲ್ಲ. ಅಮ್ಮ ಭುಜಕ್ಕೆ ಎರಡು, ಸೊಂಟಕ್ಕೆ ಒಂದು, ನೆರಿಗೆಯ ಒಳಗಿನಿಂದ ಒಂದು ಪಿನ್ನು ಹಾಕಿಕೊಂಡರು. ಕಾಲಿಗೆ ರಬ್ಬರ್ ಅಟ್ಟೆಯ ಚಪ್ಪಲಿ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸೋ ಕೆಟಲ್ಲು ಒಯ್ಯಬೇಡಿ. ಬೆಂಕಿಯ ಭಯಕ್ಕೆ ಅವನ್ನು ಒಳಗೆ ಬಿಡುವುದಿಲ್ಲ. ನಮ್ಮ ಮುಂದಿದ್ದವರ ಕೆಟಲ್ಲು ತಪಾಸಣೆಯಲ್ಲೇ ಉಳಿಯಿತು. ದೊಡ್ಡ ಬ್ಯಾಗುಗಳನ್ನು ಬಂದರಿನಲ್ಲೇ ತೆಗೆದುಕೊಂಡು, ತಡವಾಗಿ ರೂಮಿಗೆ ತಲುಪಿಸುತ್ತಾರೆ. ಬಿಪಿ ಮಾತ್ರೆ, ಕನ್ನಡಕ, ಆಧಾರ್ ಕೈಚೀಲದಲ್ಲೇ ಇರಲಿ. ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ. ಬುಕಿಂಗಿನಲ್ಲೇ ಜೈನ್ ಊಟ ಅಂತ ಬರೆಸಿದ್ದೆ, ತೊಂದರೆ ಆಗಲಿಲ್ಲ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೊರಟೆವು. ಸುಮಾರು 24 ಗಂಟೆ ಹಿಡಿಯುತ್ತದೆ, ಆದರೆ ನೇರ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೇ ಹೋಗುತ್ತದೆ. ಹಡಗು ಹತ್ತುವ ಬ್ಯಾಲಾರ್ಡ್ ಪಿಯರ್ ಅಲ್ಲಿಂದ ಹತ್ತಿರ. ಹಡಗು ಹೊರಡುವ ದಿನವೇ ಬೆಂಗಳೂರು ಬಿಡಬೇಡಿ. ರೈಲೋ ವಿಮಾನವೋ ತಡವಾದರೆ ಹಡಗು ಕಾಯುವುದಿಲ್ಲ. ನಾವು ಮುಂಬೈಯ ಫೋರ್ಟ್ ಏರಿಯಾದಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಸ್ನಾನ ತಿಂಡಿ ಮುಗಿಸಿ ನಿಧಾನವಾಗಿ ಹೋದೆವು.

ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತೆಯ ಅಭ್ಯಾಸ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೈರನ್ ಕೂಗುತ್ತದೆ. ಎಲ್ಲರೂ ಅವರವರಿಗೆ ಹೇಳಿದ ಜಾಗಕ್ಕೆ ಹೋಗಬೇಕು. ಸುಮಾರು ಜನ ಫೋನು ನೋಡುತ್ತಾ ನಿಂತಿದ್ದರು. ನನಗೆ ಅದು ಸರಿ ಕಾಣಲಿಲ್ಲ. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಅಮ್ಮ ಲೈಫ್ ಜಾಕೆಟ್ಟಿನ ಪಟ್ಟಿ ಎಲ್ಲಿ ಸಿಕ್ಕಿಸಬೇಕು ಅಂತ ಅಭ್ಯಾಸ ಮಾಡಿಸುತ್ತಿದ್ದ ಸಿಬ್ಬಂದಿ ಹುಡುಗನನ್ನು ಎರಡು ಸಲ ಕೇಳಿ ತಿಳಿದುಕೊಂಡರು.

ಸಂಜೆ ಹಡಗು ಕದಲಿದ್ದು ನಮಗೆ ಗೊತ್ತೇ ಆಗಲಿಲ್ಲ. ಧಕ್ಕೆಯ ಕಂಬ ಹಿಂದಕ್ಕೆ ಹೋಗುತ್ತಿದೆಯಲ್ಲ ಅಂತ ಅಮ್ಮನೇ ತೋರಿಸಿದರು. ಸ್ವಲ್ಪ ಹೊತ್ತಿಗೆ ಗೇಟ್‌ವೇ ಆಫ್ ಇಂಡಿಯಾ ಬಂತು. 1911ರಲ್ಲಿ ಐದನೇ ಜಾರ್ಜ್ ಬಂದಿಳಿದ ನೆನಪಿಗೆ ಕಟ್ಟಿ, 1924ರಲ್ಲಿ ಮುಗಿಸಿದ್ದು. ನೀರಿನಿಂದ ಬರುವವರಿಗಾಗಿ ಮಾಡಿದ ಬಾಗಿಲು ಅದು. ನೀರಿನ ಮೇಲಿಂದ ನೋಡಿದಾಗಲೇ ಅದರ ಅಂದ ಗೊತ್ತಾಗುವುದು. ಹೊರಡುವ ಸಂಜೆ ರೂಮಿನಲ್ಲಿ ಬಟ್ಟೆ ಜೋಡಿಸುತ್ತಾ ಕೂರಬೇಡಿ.

ಊರು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಅಷ್ಟರೊಳಗೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ, ಹಡಗಿನ ನೆಟ್‌ವರ್ಕ್ ತಾನಾಗೇ ಹಿಡಿದುಕೊಂಡರೆ ಬಿಲ್ಲು ದುಬಾರಿ.

ಗೋವಾದಲ್ಲಿ ಬೀಚಿಗೆ ಹೋಗಲಿಲ್ಲ. ಟ್ಯಾಕ್ಸಿ ಮಾಡಿಕೊಂಡು ಮಂಗೇಶಿ ದೇವಸ್ಥಾನಕ್ಕೆ ಹೋಗಿ, ಹೇಳಿದ ಸಮಯಕ್ಕಿಂತ ಒಂದೂವರೆ ಗಂಟೆ ಮುಂಚೆಯೇ ಹಡಗಿನಲ್ಲಿದ್ದೆವು.

ನನಗೆ ಜಾಸ್ತಿ ಭಯ ಇದ್ದಿದ್ದು ಮೂರನೇ ದಿನದ ಬಗ್ಗೆ. ಬೆಳಗಿನಿಂದ ರಾತ್ರಿವರೆಗೆ ಬರೀ ನೀರು. ಅಮ್ಮನಿಗೆ ಬೇಜಾರಾದರೆ? ಬೆಳಿಗ್ಗೆ ಅಲೆ ಸ್ವಲ್ಪ ಜೋರಿತ್ತು. ವಾಂತಿಯ ಮಾತ್ರೆಯನ್ನು ಡಾಕ್ಟರಿಗೆ ಕೇಳಿ ತಂದಿದ್ದೆ. ತಲೆ ಸುತ್ತುವ ಮುಂಚೆ ತೆಗೆದುಕೊಂಡರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುವುದು. ಅಮ್ಮ ತೆಗೆದುಕೊಂಡಿದ್ದರು, ನಮ್ಮನೆಯವರು ಬೇಡ ಅಂದು ಬಿಟ್ಟಿದ್ದರು. ಅವರಿಗೇ ಶುರುವಾಯಿತು. ರೂಮಿನೊಳಗೇ ಇದ್ದರೆ ಇನ್ನೂ ಜಾಸ್ತಿ ಆಗಬಹುದು ಅಂತ ಹೊರಗೆ ಕರೆದುಕೊಂಡು ಬಂದೆ. ಒಣ ಬಿಸ್ಕತ್ತು, ಚೂರು ಶುಂಠಿ, ನೀರು ಆಕಾಶ ಸೇರುವ ಗೆರೆಯ ಮೇಲೆ ಕಣ್ಣು. ಅರ್ಧ ಗಂಟೆಯಲ್ಲಿ ಮುಖಕ್ಕೆ ಕಳೆ ಬಂತು.

ಅಮ್ಮ ಕಂಬಿ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತವರು ಊಟಕ್ಕೆ ಬಿಟ್ಟರೆ ಏಳಲೇ ಇಲ್ಲ. ಹನ್ನೊಂದರ ಹೊತ್ತಿಗೆ ನನ್ನ ಕೈ ಹಿಡಿದು ಎಳೆದರು. ಹಡಗು ಸೀಳಿದ ನೀರಿನಿಂದ ಬೆರಳುದ್ದದ ಬೆಳ್ಳಿ ಬಣ್ಣದ್ದೇನೋ ಚಿಮ್ಮಿ, ನೀರಿಗೆ ತಾಗಿದಂತೆಯೇ ಹಾರುತ್ತಾ ಹೋಗಿ, ದೂರದಲ್ಲಿ ಪುಸಕ್ಕನೆ ಮುಳುಗಿತು. ಹಿಂದೆಯೇ ಹತ್ತಿಪ್ಪತ್ತು. "ಮಿಡತೆ ಇಲ್ಲಿಗೆ ಹೇಗೆ ಬಂತೇ?" ಅಂದರು. ಹಾರುವ ಮೀನು ಅದು. ಪಕ್ಕದ ರೆಕ್ಕೆ ಬಿಚ್ಚಿಕೊಂಡು ಗಾಳಿಯಲ್ಲಿ ತೇಲುತ್ತದೆ. ಸಂಜೆವರೆಗೆ ಅಮ್ಮ ಎಣಿಸುತ್ತಲೇ ಇದ್ದರು. ಎಡಗಡೆ ಸೂರ್ಯ ಮುಳುಗುವಾಗ ಲೆಕ್ಕ ತಪ್ಪಿತು ಅಂತ ಬಿಟ್ಟರು. ಆ ದಿನಕ್ಕಾಗಿ ಏನಾದರೂ ಆಟ, ಕಾರ್ಯಕ್ರಮ ಗೊತ್ತು ಮಾಡಬೇಕು ಅಂದುಕೊಂಡಿದ್ದೆ. ಯಾವುದೂ ಬೇಕಾಗಲಿಲ್ಲ.

ಇಳಿದ ಮೇಲೆ ಒಂದೆರಡು ದಿನ ನೆಲವೇ ತೂಗಿದ ಹಾಗೆ ಅನಿಸುತ್ತದೆ. ಗಾಬರಿ ಬೇಡ, ತಾನಾಗೇ ಹೋಗುತ್ತದೆ. ಮನೆಗೆ ಬಂದ ಮಾರನೇ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ಒಂದು ಕೈಯಲ್ಲಿ ಕಟ್ಟೆ ಹಿಡಿದುಕೊಂಡು ಇನ್ನೊಂದರಲ್ಲಿ ಡಿಕಾಕ್ಷನ್ ಬಗ್ಗಿಸುತ್ತಿದ್ದರು. "ಇನ್ನೂ ಅಲ್ಲೇ ಇದ್ದ ಹಾಗಿದೆ ಕಣೇ" ಅಂದು, ಲೋಟ ನನ್ನ ಕಡೆ ತಳ್ಳಿದರು.